ಬಲಗಡೆಯ ಚೀಲ

"ನನ್ನ ಬೈಕನ್ನ ಅಂಗಡಿಯವನ ಕೈಗೆ ಕೊಡೋದಾ? ಈ ಜನ್ಮದಲ್ಲಿ ಸಾಧ್ಯವಿಲ್ಲ!" ಎಂದು ಡೆಲ್ಬರ್ಟ್ ತಿಂಡಿಯ ಮೇಜಿನ ಮೇಲೆ ಗುದ್ದಿದ. ಪ್ಯಾನ್‌ಕೇಕಿನ ಮೇಲಿದ್ದ ಬೆಣ್ಣೆ ಗಾಬರಿಬಿದ್ದು ತಟ್ಟೆಗೆ ಜಾರಿತು.

"ಹಾಗಾದ್ರೆ ಬೈಕಿನ ಪಕ್ಕಕ್ಕೆ ಆ ಚೀಲಗಳನ್ನ ಯಾರು ಹಾಕ್ತಾರೆ?" ಎಂದಳು ಹೆಂಡತಿ ಆರ್ಲೀನ್.

"ನಾನು! ಸಾಕ್ಷಾತ್ ನಾನು!"

"ಬಾತ್‌ರೂಮಿಗೆ ಟವಲ್ ಕಂಬಿ ಹಾಕಿದ್ದೂ ಸಾಕ್ಷಾತ್ ನೀನೇ ಅಲ್ವಾ?"

"ಅದು ಗೋಡೆಯ ತಪ್ಪು!"

ಡೆಲ್ಬರ್ಟ್ ಅಯೋವಾದ ಡೆಕೋರಾ ಪಟ್ಟಣದಲ್ಲಿ ತನ್ನ ಇಡೀ ಆಯುಷ್ಯವನ್ನು ವಿಮಾ ಕಂಪನಿಯ ಹಾನಿ ಪರಿಶೀಲಕನಾಗಿ ಕಳೆದವನು. ಆಲಿಕಲ್ಲು ಬಿದ್ದು ಜಜ್ಜಿಹೋದ ಕಾರು, ಚರಂಡಿಗೆ ಮಗುಚಿದ ಟ್ರ್ಯಾಕ್ಟರು, ಗಾಳಿಗೆ ಹಾರಿಹೋದ ಕೊಟ್ಟಿಗೆ, ಯಾವುದರ ಮುಂದೆ ನಿಲ್ಲಿಸಿದರೂ ಕತ್ತು ಓರೆ ಮಾಡಿ ನೋಡಿ, ಅದು ಹೇಗೆ ಕೆಟ್ಟಿತು ಎಂದು ಹೇಳಿಬಿಡುತ್ತಿದ್ದ. ಕೆಡುವ ಬಗೆ ಗೊತ್ತಿದ್ದವನಿಗೆ ಕಟ್ಟುವ ಬಗೆಯೂ ತಾನಾಗಿಯೇ ಗೊತ್ತಿರುತ್ತದೆ ಎಂಬುದು ಅವನ ಅಚಲ ನಂಬಿಕೆ. ನಿವೃತ್ತನಾದ ಮೇಲೆ ಒಂದು ಕ್ರೂಸರ್ ಬೈಕು ಕೊಂಡಿದ್ದ. ತಗ್ಗಾದ ಸೀಟು, ಕೊಂಬಿನಂಥ ಹ್ಯಾಂಡಲ್, ಬಲಗಡೆಗೆ ಫಳಫಳ ಹೊಳೆಯುವ ಉದ್ದನೆಯ ಹೊಗೆಕೊಳವೆ. ನಿಲ್ಲಿಸಿದರೆ ಕೋಣವೊಂದು ಊಟ ಮಾಡಿ ಅಡ್ಡಾದ ಹಾಗೆ ಕಾಣುತ್ತಿತ್ತು.

ಆದರೆ ಆರ್ಲೀನ್ ಅದರ ಮೇಲೆ ದೂರ ಪ್ರಯಾಣಕ್ಕೆ ಒಪ್ಪಿರಲಿಲ್ಲ. ಭಾನುವಾರ ಮಿಸಿಸಿಪ್ಪಿಯ ಆಚೆ ದಡದಲ್ಲಿ, ಅವಳ ಅಕ್ಕ ವಿಯೋಲಾಳ ಮನೆಯಲ್ಲಿ ಬಂಧುಬಳಗವೆಲ್ಲ ಸೇರುವುದಿತ್ತು. ಹಿಂದಿನ ವರ್ಷ ಆರ್ಲೀನ್ ಅವಸರದಲ್ಲಿ ಅಂಗಡಿಯ ಬನ್ನು ಒಯ್ದಿದ್ದಳು. ವಿಯೋಲಾ ಎಲ್ಲರ ಮುಂದೆ ಆ ಪೊಟ್ಟಣವನ್ನು ಎತ್ತಿ ಹಿಡಿದು, ಕನ್ನಡಕ ಹಾಕಿಕೊಂಡು, ಅದರೊಳಗೆ ಏನೇನು ರಾಸಾಯನಿಕ ಇದೆ ಎಂದು ಗಟ್ಟಿಯಾಗಿ ಓದಿದ್ದಳು! ಅವತ್ತಿನಿಂದ ಅಕ್ಕತಂಗಿಯರ ಮಾತು ಹವಾಮಾನದ ಸುದ್ದಿ ದಾಟಿರಲಿಲ್ಲ. ಈ ಸಲ ಅಮ್ಮನ ಕೈಯಳತೆಯಲ್ಲೇ ಹಿಟ್ಟು ನಾದಿ, ಹಾಗೇ ಒಯ್ದು, ವಿಯೋಲಾಳ ಒಲೆಯಲ್ಲೇ, ವಿಯೋಲಾಳ ಕಣ್ಣೆದುರೇ ಬನ್ನು ಸುಡಬೇಕೆಂಬುದು ಆರ್ಲೀನಳ ಶಪಥ.

"ಹಿಟ್ಟಿನ ಪಾತ್ರೇನ ಮಡಿಲಲ್ಲಿ ಇಟ್ಕೊಂಡು ನಿನ್ನ ಹಿಂದೆ ಕೂರೋಕೆ ನನಗೇನು ತಲೆ ಕೆಟ್ಟಿದ್ಯಾ? ಕಾರಲ್ಲಿ ಹೋಗೋಣ."

"ಚೀಲ ಹಾಕ್ತೀನಿ ಅಂದ್ನಲ್ಲ! ನೆಲಮಾಳಿಗೆಗಿಂತ ತಣ್ಣಗಿರುತ್ತೆ ಕಣೇ ಅದರೊಳಗೆ!"

ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಪೆಟ್ಟಿಗೆ ಬಿಚ್ಚಿದ್ದಾಯಿತು. ಕಪ್ಪು ಚರ್ಮ ಹೊದಿಸಿದ, ಬೀಗವಿರುವ ಎರಡು ಗಟ್ಟಿ ಚೀಲಗಳು, ಅವನ್ನು ಹೊರುವ ಎರಡು ಕಬ್ಬಿಣದ ಬ್ರಾಕೆಟ್ಟು, ಬೊಗಸೆ ತುಂಬ ಬೋಲ್ಟು, ಬುಷ್ಷು, ವಾಷರು. ಏಣಿ ಕೇಳಲು ಬಂದ ಪಕ್ಕದ ಮನೆಯ ಹಾರ್ಲನ್, ಏಣಿಯನ್ನು ಮರೆತು ಬಕೆಟ್ಟೊಂದನ್ನು ಬೋರಲು ಹಾಕಿ ಕಾಫಿ ಹಿಡಿದು ಕುಳಿತ. ಹಾರ್ಲನ್‌ಗೆ ಬೈಕಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಕುತೂಹಲ ಮಾತ್ರ ಕೆರೆಯಷ್ಟು!

"ಆ ದೀಪ ಯಾಕೆ ಕೀಳ್ತಿದ್ದೀಯ?"

"ಚೀಲಕ್ಕೆ ಅಡ್ಡ ಬರುತ್ತೆ. ಇಂಡಿಕೇಟರನ್ನ ಹಿಂದಕ್ಕೆ ಸರಿಸಬೇಕು."

"ನಾಲ್ಕು ವೈರಿಗೂ ಒಂದೇ ಬಣ್ಣ ಇದ್ಯಲ್ಲ, ಯಾವುದು ಯಾವುದಕ್ಕೆ ಅಂತ ಹೇಗೆ ಗೊತ್ತಾಗುತ್ತೆ?"

"ಅನುಭವ!" ಎಂದ ಡೆಲ್ಬರ್ಟ್, ಟೇಪು ಸುತ್ತುತ್ತ.

ಹಾರ್ಲನ್ ಕಾಫಿ ಹೀರಿ, ನೆಲದ ಮೇಲಿದ್ದ ಬ್ರಾಕೆಟ್ಟುಗಳನ್ನು ಬಗ್ಗಿ ನೋಡಿದ. "ಇದೊಂದು ನೆಟ್ಟಗಿದೆ. ಇನ್ನೊಂದು ಯಾಕೆ ಹೊರಗಡೆಗೆ ಬಾಗಿದೆ?"

ಡೆಲ್ಬರ್ಟ್ ಅದನ್ನು ಕೈಗೆತ್ತಿಕೊಂಡು ಕತ್ತು ಓರೆ ಮಾಡಿದ. ಇಡೀ ವೃತ್ತಿಜೀವನದ ತೇಜಸ್ಸು ಮುಖದ ಮೇಲೆ ಬೆಳಗಿತು.

"ಸಾಗಣೆಯಲ್ಲಿ ಆದ ಹಾನಿ! ಲಾರಿಯಲ್ಲಿ ಎತ್ತಿ ಒಗೆದಿದ್ದಾರೆ. ಇಂಥದ್ದು ಎಷ್ಟು ನೋಡಿದ್ದೀನಿ ನಾನು!"

"ಓ! ಈಗೇನು ಮಾಡ್ತೀಯ?"

"ಈಗ? ನೋಡ್ತಿರು!"

ಡೆಲ್ಬರ್ಟ್ ಆ ಬ್ರಾಕೆಟ್ಟನ್ನು ಮೇಜಿಗೆ ಬಿಗಿದ ಇಕ್ಕುಳಕ್ಕೆ ಕಚ್ಚಿಸಿ, ಸುತ್ತಿಗೆ ಎತ್ತಿ, ಬೀದಿಯ ನಾಯಿಗಳೆಲ್ಲ ಬೊಗಳುವ ಹಾಗೆ ಬಡಿದ. ಬಾಗಿದ್ದು ನೆಟ್ಟಗಾಯಿತು. ಅದನ್ನೇ ಬಲಗಡೆಗೆ ಬಿಗಿದು, ಚೀಲ ನೇತುಹಾಕಿ, ಹಿಂದಕ್ಕೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತ. ಎರಡೂ ಚೀಲಗಳು ಬೈಕಿನ ಪಕ್ಕೆಗೆ ಅಂಟಿಕೊಂಡು ಕೂತಿದ್ದವು.

"ಚೀಲ ಆ ಕೊಳವೆಗೆ ತಾಗ್ತಿದ್ಯಾ?" ಎಂದ ಹಾರ್ಲನ್.

"ಆತುಕೊಂಡಿದೆ. ಅದನ್ನ ಬಿಗಿ ಅಂತಾರೆ!"

ಭಾನುವಾರ ಎಡಗಡೆಯ ಚೀಲದಲ್ಲಿ ಡೆಲ್ಬರ್ಟನ ಸ್ಪ್ಯಾನರುಗಳು ಮೊದಲೇ ಸೀಟು ಹಿಡಿದಿದ್ದವು. ಹಾಗಾಗಿ ಆರ್ಲೀನ್ ಬೆಣ್ಣೆ ಸವರಿದ ದೊಡ್ಡ ತಗಡಿನ ಪಾತ್ರೆಗೆ ತಣ್ಣನೆಯ ಹಿಟ್ಟು ತುಂಬಿ, ಒದ್ದೆ ಬಟ್ಟೆ ಮುಚ್ಚಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಬಲಗಡೆಯ ಚೀಲಕ್ಕಿಳಿಸಿ ಬೀಗ ಹಾಕಿದಳು.

ಜುಲೈ ತಿಂಗಳು. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳದ ಹೊಲ. ಬೈಕು ಗುಡುಗುಡು ಎನ್ನುತ್ತ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಆರ್ಲೀನ್ ಗಂಡನ ಹೆಲ್ಮೆಟ್ಟಿಗೆ ಬಾಯಿಟ್ಟು ಕೂಗಿದಳು. "ಡೆಲ್! ಏನೋ ವಾಸನೆ ಬರ್ತಿದೆ!"

"ಹೊಲದ ವಾಸನೆ ಕಣೇ! ಪ್ರಕೃತಿ!"

"ಪ್ರಕೃತಿಗೆ ಚಪ್ಪಲಿ ಸುಟ್ಟ ವಾಸನೆ ಯಾಕೆ ಬರುತ್ತೆ?"

ಎದುರಿನಿಂದ ಬಂದ ಬೈಕಿನವರೆಲ್ಲ ತಮ್ಮ ರೂಢಿಯಂತೆ ಎಡಗೈ ಇಳಿಬಿಟ್ಟು ನಮಸ್ಕರಿಸಿ ಹೋದರು. ಹಿಂದಿನಿಂದ ಬಂದವರು ಮಾತ್ರ ವಿಚಿತ್ರವಾಗಿ ಆಡಿದರು. ಒಬ್ಬ ದಾಡಿಯವನು ಪಕ್ಕಕ್ಕೆ ಬಂದು ಹಾರ್ನ್ ಬಾರಿಸಿ, ಬಲಗಡೆಯ ಚೀಲದ ಕಡೆ ಬೆರಳು ಮಾಡಿ ಏನೋ ಅರಚಿದ.

"ನೋಡಿದ್ಯಾ? ಚೀಲ ಎಲ್ಲಿ ತಗೊಂಡಿದ್ದು ಅಂತ ಕೇಳ್ತಿದ್ದಾನೆ!" ಎಂದು ಡೆಲ್ಬರ್ಟ್ ಗತ್ತಿನಿಂದ ಕೈ ಬೀಸಿದ.

ಮಿಸಿಸಿಪ್ಪಿ ಸೇತುವೆ ದಾಟಿ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದ್ದೇ ತಡ, ಹಿಂದೆ ಪೊಲೀಸ್ ಕಾರಿನ ದೀಪ ಕುಣಿಯತೊಡಗಿತು. ಕೆಳಗಿಳಿದು ಬಂದವನು ಅಗಲ ಭುಜದ ಕೌಂಟಿ ಪೊಲೀಸ್ ಡೆಪ್ಯುಟಿ.

"ಸಾರ್, ಎಡಕ್ಕೆ ತಿರುಗ್ತಿದ್ದೀರಿ, ಬಲಗಡೆ ದೀಪ ಮಿಟುಕಿಸ್ತಿದೆ."

"ಓಹ್! ಅದು ಸಾಗಣೆ..." ಎಂದು ಡೆಲ್ಬರ್ಟ್ ಶುರುಮಾಡಿದ.

ಡೆಪ್ಯುಟಿಯ ಗಮನ ಅಷ್ಟರಲ್ಲೇ ಬೇರೆಡೆಗೆ ಹೋಗಿತ್ತು. ಅವನು ಕರಿ ಕನ್ನಡಕ ತೆಗೆದು ಬಗ್ಗಿದ. ಬಲಗಡೆಯ ಚೀಲದ ಮುಚ್ಚಳದ ಸಂದಿನಿಂದ ಬೆಳ್ಳಗೆ, ಮೆತ್ತಗೆ, ದಪ್ಪಗೆ ಏನೋ ಒಂದು ನಿಧಾನವಾಗಿ ಹೊರಗೆ ತೆವಳುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅದು ಇನ್ನೊಂದು ಚೂರು ಮುಂದೆ ಬಂತು! ಡೆಪ್ಯುಟಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಸಾರ್... ಅದರೊಳಗೆ ಏನಿದೆ?"

"ಬನ್ನು," ಎಂದ ಡೆಲ್ಬರ್ಟ್.

"ಜೀವ ಇದ್ಯಾ ಅದಕ್ಕೆ?"

"ಅಯ್ಯೋ ನನ್ನ ಹಿಟ್ಟು!" ಎಂದು ಆರ್ಲೀನ್ ಸೀಟಿನಿಂದ ಧುಮುಕಿದಳು. ಚೀಲ ಮುಟ್ಟಿ ಚುರ್ ಎಂದು ಕೈ ಹಿಂದಕ್ಕೆಳೆದುಕೊಂಡಳು. "ಡೆಲ್! ನೆಲಮಾಳಿಗೆಗಿಂತ ತಣ್ಣಗಿರುತ್ತೆ ಅಂದ್ಯಲ್ಲೋ! ಇದು ಒಲೆ!"

ಡೆಲ್ಬರ್ಟ್ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದ. ಬಿಸಿಗೆ ಸೊಟ್ಟಗಾದ ಬೀಗ ಕದಲಲಿಲ್ಲ. ಡೆಪ್ಯುಟಿ ಕಾರಿನಿಂದ ಸನಿಕೆ ತಂದು ಮುಚ್ಚಳದ ಸಂದಿಗೆ ತೂರಿಸಲು ಹೋದ. ಆರ್ಲೀನ್ ಅಡ್ಡ ನಿಂತಳು.

"ಮುಟ್ಟಬೇಡಿ! ಅರ್ಧ ಬೆಂದಿರೋವಾಗ ತೆಗೆದ್ರೆ ಕುಸಿದು ಹೋಗುತ್ತೆ! ನಮ್ಮಕ್ಕನ ಮುಂದೆ ನನ್ನ ಮಾನ ಹೋಗುತ್ತೆ!"

"ಮೇಡಂ, ಕಾನೂನಿನ ಪ್ರಕಾರ ನಾನು ಒಳಗೆ ನೋಡಲೇಬೇಕು."

"ನೋಡಿ! ಬೆಂದ ಮೇಲೆ ನೋಡಿ! ನಮ್ಮಕ್ಕನ ಮನೆ ಇಲ್ಲೇ ಹತ್ತಿರ, ಹಿಂದೇನೇ ಬನ್ನಿ!"

ಡೆಪ್ಯುಟಿ ತಲೆ ಕೆರೆದುಕೊಂಡ. ಇಂಥ ಪ್ರಸಂಗಕ್ಕೆ ಅವನಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಆದರೆ ಗಾಳಿಯಲ್ಲಿ ಈಗ ಚಪ್ಪಲಿಯ ವಾಸನೆಯ ಅಡಿಯಿಂದ ಬೆಣ್ಣೆಯ, ದಾಲ್ಚಿನ್ನಿಯ ಘಮ ಏಳತೊಡಗಿತ್ತು. ಒಳಗೆ ಏನಾಗಿದೆ ಎಂದು ತಿಳಿಯದೆ ಹೋದರೆ ತನಗೆ ಇವತ್ತು ಊಟ ಸೇರುವುದಿಲ್ಲ ಎಂದು ಅವನಿಗೂ ಅನ್ನಿಸಿತು. "ಸರಿ, ನಡೀರಿ. ಎಡಕ್ಕೆ ತಿರುಗೋವಾಗ ಕೈ ತೋರಿಸಿ."

ಹೀಗೆ ಡೆಲ್ಬರ್ಟನ ಸವಾರಿ ಪೊಲೀಸ್ ಬೆಂಗಾವಲಿನೊಂದಿಗೆ ವಿಯೋಲಾಳ ಅಂಗಳ ಪ್ರವೇಶಿಸಿತು! ಆಲೂಗಡ್ಡೆ ಸಾಲಡ್ ಬಡಿಸುತ್ತಿದ್ದ ಬಂಧುಬಳಗವೆಲ್ಲ ಚಮಚ ಹಿಡಿದೇ ಓಡಿಬಂತು.

"ಏನೇ ಆರ್ಲೀನ್? ಪೊಲೀಸರನ್ನ ಕರ್ಕೊಂಡು ಬಂದಿದ್ದೀಯ?" ಎಂದಳು ವಿಯೋಲಾ. "ಈ ಸಲ ಬನ್ನು ಕದ್ದು ತಂದ್ಯಾ?"

ಆರ್ಲೀನ್ ಚೀಲದ ಕಡೆಗೆ ತಿರುಗಿ ಅಕ್ಕನಿಗೆ ಬೆನ್ನು ಹಾಕಿದಳು. ಅದನ್ನು ನೋಡಿದ ಡೆಲ್ಬರ್ಟ್ ಡೆಪ್ಯುಟಿಯ ಸನಿಕೆ ತೆಗೆದುಕೊಂಡು ತಾನೇ ಆ ಬೀಗ ಒಡೆದ.

ಮುಚ್ಚಳ ಹಾರಿತು. ಒಳಗೆ ಬನ್ನುಗಳಿರಲಿಲ್ಲ. ಒಂದೇ ಒಂದು ಬನ್ನಿತ್ತು! ಪಾತ್ರೆಯಿಂದುಕ್ಕಿ, ಚೀಲದ ಮೂಲೆಮೂಲೆ ಸೇರಿ, ಚೀಲದ್ದೇ ಆಕಾರ ತಳೆದ ಮಹಾಕಾಯ ಬನ್ನು. ಕೊಳವೆಯ ಕಡೆಗೆ ಕರ್ರಗೆ ಸೀದಿತ್ತು, ನಡುವೆ ಹೊಂಬಣ್ಣ, ಆಚೆ ಅಂಚು ಇನ್ನೂ ಹಸಿ. ಡೆಪ್ಯುಟಿ ಕೆಳಗೆ ಬಗ್ಗಿ ನೋಡಿದ. "ಸಾರ್, ನನ್ನ ಹತ್ರನೂ ಇಂಥದ್ದೇ ಬೈಕಿದೆ. ಈ ಕಡೆ ಬ್ರಾಕೆಟ್ಟು ಹೊರಗೆ ಬಾಗಿರಬೇಕಲ್ವಾ, ಬಿಸಿ ತಾಗದ ಹಾಗೆ?"

ಡೆಲ್ಬರ್ಟ್ ಆಕಾಶ ನೋಡಿದ.

ಯಾರೂ ಮುಂದೆ ಬರಲಿಲ್ಲ. ಕೊನೆಗೆ ವಿಯೋಲಾಳೇ ಕೈ ಚಾಚಿ, ಪಾತ್ರೆಯೊಳಗಿನ ಭಾಗದಿಂದ, ಸೀದದ್ದೂ ಬೆಂದದ್ದೂ ಸೇರಿದ ಕಡೆ ಒಂದು ತುಂಡು ಮುರಿದಳು. ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಂತಿತು.

"ಒಂದು ಕಡೆ ಸೀದಿದೆ," ಎಂದಳು ಮೆಲ್ಲಗೆ.

"ಗೊತ್ತು," ಎಂದಳು ಆರ್ಲೀನ್.

"ಅಮ್ಮಂದೂ ಹೀಗೇ ಇರ್ತಿತ್ತಲ್ಲೇ. ಆ ಸೌದೆ ಒಲೆಯಲ್ಲಿ ಒಂದು ಕಡೆ ಯಾವಾಗ್ಲೂ ಸೀದುಹೋಗ್ತಿತ್ತು. ಆ ತುಂಡಿಗೆ ನಾವಿಬ್ರೂ ಕಿತ್ತಾಡ್ತಿದ್ವಿ." ವಿಯೋಲಾ ಕಣ್ಣೊರೆಸಿಕೊಂಡಳು. "ನನ್ನ ಒಲೆಯಲ್ಲಿ ಎಷ್ಟು ವರ್ಷದಿಂದ ಪ್ರಯತ್ನ ಪಟ್ಟೆ, ಈ ರುಚಿ ಬಂದೇ ಇಲ್ಲ ಕಣೇ."

ಆರ್ಲೀನ್ ಅಕ್ಕನ ಕೈಯಿಂದಲೇ ಅರ್ಧ ಕಿತ್ತುಕೊಂಡು ತಿಂದಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ಬೆಂದಷ್ಟು ಭಾಗ ಕ್ಷಣದಲ್ಲಿ ಖಾಲಿಯಾಯಿತು. ಡೆಪ್ಯುಟಿ ಎರಡು ತುಂಡು ತಿಂದು, ಇಂಡಿಕೇಟರ್ ಸರಿಮಾಡಿಸಿ ಎಂದು ಬಾಯಲ್ಲೇ ಎಚ್ಚರಿಸಿ, ಮೂರನೆಯ ತುಂಡು ಹಿಡಿದು ಕಾರು ಹತ್ತಿದ.

ಡೆಲ್ಬರ್ಟನಿಗೆ ಹೋದ ಜೀವ ಬಂದ ಹಾಗಾಯಿತು. ಜೀವದ ಜೊತೆಗೆ ಹಳೆಯ ಠೀವಿಯೂ ಬಂತು. ಪ್ಯಾಂಟು ಎಳೆದುಕೊಂಡು ಕೆಮ್ಮಿದ. "ಶಾಖದ ಲೆಕ್ಕ ನೋಡ್ಕೊಂಡೇ ಬ್ರಾಕೆಟ್ಟನ್ನ ನೆಟ್ಟಗೆ ಮಾಡಿದ್ದು ನಾನು. ಎಲ್ಲರಿಗೂ ಬರೋ ವಿದ್ಯೆ ಅಲ್ಲ!"

"ಹೌದಾ?" ಎಂದಳು ವಿಯೋಲಾ, ಬಾಯೊರೆಸಿಕೊಳ್ಳುತ್ತ. "ಹಾಗಾದ್ರೆ ಮುಂದಿನ ವರ್ಷ ಎಡಗಡೆ ಚೀಲದಲ್ಲಿ ಒಂದು ಕೋಳಿ ಹುರ್ಕೊಂಡು ಬಾ."

"ಅದಾಗಲ್ಲ ವಿಯೋಲಾ, ಎಡಗಡೆ ಹೊಗೆಕೊಳವೆನೇ ಇಲ್ಲ."

ಆರ್ಲೀನ್ ಗಂಡನ ಬೆನ್ನು ತಟ್ಟಿದಳು. "ಕೊಳವೆ ಯಾಕಕ್ಕಾ? ಇವನು ಜೋಡಿಸಿದ್ರೆ ಸಾಕು, ಎಡಗಡೆ ಚೀಲಾನೂ ಹೊತ್ತಿ ಉರಿಯುತ್ತೆ!"