ಕಣಕ್ಕಿಳಿದ ಆನೆಗಳು

ಗೊತ್ತಿಲ್ಲದ ವಿಷಯದ ಬಗ್ಗೆ ಮಾತನಾಡುವುದರಲ್ಲಿ ಒಂದು ಸುಖವಿದೆ. ಗೊತ್ತಿರುವ ವಿಷಯವಾದರೆ ಎಲ್ಲಿ ತಪ್ಪಿಬಿಡುತ್ತೇವೋ ಎಂಬ ಅಳುಕು ಒಳಗೊಳಗೇ ಇರುತ್ತದೆ; ಗೊತ್ತಿಲ್ಲದಿದ್ದರೆ ಆ ತಾಪತ್ರಯವಿಲ್ಲ, ನಾಲಿಗೆ ಸಲೀಸಾಗಿ ಓಡುತ್ತದೆ. ನಾನು ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಹುಟ್ಟಿದ್ದು ಹಳೇಕೋಟೆಯ ಕಡೆ, ರಾಗಿ ಬೆಳೆಯುವವರ ಮನೆಯಲ್ಲಿ. ಆದ್ದರಿಂದ ರಾಗಿಯ ಬಗ್ಗೆ ಯಾರಾದರೂ ಏನಾದರೂ ಕೇಳಿದರೆ ಹಿಂದೆಮುಂದೆ ನೋಡುತ್ತೇನೆ. ಫುಟ್‌ಬಾಲ್ ಬಗ್ಗೆ ಕೇಳಿದರೆ ಮಾತ್ರ ತಕ್ಷಣ ಉತ್ತರ ಹೇಳುತ್ತೇನೆ. ಜೀವಮಾನದಲ್ಲಿ ನಾನು ಚೆಂಡನ್ನು ಒದ್ದದ್ದು ಒಂದೇ ಸಲ, ಹೊಳೆನರಸೀಪುರದಲ್ಲಿ ಓದುವಾಗ. ಅದು ನೇರವಾಗಿ ಹೇಮಾವತಿಗೆ ಹೋಗಿ ಬಿತ್ತು. ಡ್ರಿಲ್ ಮೇಷ್ಟ್ರು ಆಮೇಲೆ ನನ್ನನ್ನು ಚೆಂಡಿನ ಹತ್ತಿರಕ್ಕೇ ಬಿಡಲಿಲ್ಲ. ಅಂಥ ನಾನು ಅಮೆರಿಕದಲ್ಲಿ ನಡೆದ ಈ ಸಲದ ವಿಶ್ವಕಪ್ ಹೊತ್ತಿಗೆ ನಮ್ಮ ಕಚೇರಿಯ ಫುಟ್‌ಬಾಲ್ ಪಂಡಿತನಾದೆ. ಹೇಗೆ ಆದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಮುಂದೆ ಹೇಳಬೇಕಾದ ನಾಚಿಕೆಯ ಎದುರು ಇದು ಏನೂ ಅಲ್ಲ.

ಆದದ್ದು ಇಷ್ಟೇ. ದಂಡಿಗನಹಳ್ಳಿ ಕಡೆಯ ನನ್ನ ಸಹೋದ್ಯೋಗಿ ಶಿವಣ್ಣ ಕಾಫಿ ಕುಡಿಯುತ್ತ, ಈ ಸಲ ಕಪ್ ಯಾರಿಗೆ ಎಂದು ಕೇಳಿದ. ನಾನು ಬನ್ನಿನಿಂದ ತಲೆ ಎತ್ತದೆ, ಯಾರ ಮಧ್ಯದ ಸಾಲು ಗಟ್ಟಿಯೋ ಅವರಿಗೆ ಎಂದೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ತಿಳಿಯದು. ಅದನ್ನು ಮದುವೆಮನೆಯ ಪಂಕ್ತಿಯ ಬಗ್ಗೆಯೂ ಹೇಳಬಹುದು, ಕುರಿಮಂದೆಯ ಬಗ್ಗೆಯೂ ಹೇಳಬಹುದು. ಆದರೆ ಮೇಜಿನ ಸುತ್ತ ಇದ್ದವರೆಲ್ಲ ಗಂಭೀರವಾದರು. ಮಾರನೆಯ ದಿನವೇ ಮೊಬೈಲಿನಲ್ಲಿ 'ಕಾಲ್ಚೆಂಡು' ಎಂಬ ಗುಂಪು ಹುಟ್ಟಿಕೊಂಡಿತು. ಪಂದ್ಯಾವಳಿಯ ಒಂದೊಂದು ಗುಂಪಿನಲ್ಲೂ ಇರುವ ದೇಶಗಳ ಬಲಾಬಲ ಬರೆದು ಹಾಕುವ ಹೊಣೆ ನನ್ನದಾಯಿತು. ನನ್ನ ವಿಧಾನ ಸುಲಭದ್ದು. ಮೊದಲು ನಕ್ಷೆಯಲ್ಲಿ ದೇಶ ಎಲ್ಲಿದೆ ಎಂದು ಹುಡುಕುವುದು. ಚಳಿಯ ದೇಶವಾದರೆ ಶಿಸ್ತಿನವರು, ಬಿಸಿಲಿನ ದೇಶವಾದರೆ ವೇಗದವರು, ಬೆಟ್ಟದ ಮೇಲಿದ್ದರೆ ಉಸಿರು ಗಟ್ಟಿಯಿರುವವರು. ಭಾಷೆಯನ್ನು ಪತ್ರಿಕೆಗಳ ಕ್ರೀಡಾಪುಟದಿಂದ ತಂದುಕೊಂಡೆ. ಆ ಭಾಷೆಯಲ್ಲಿ ಯಾರೂ ಆಡುವುದಿಲ್ಲ, ಕಣಕ್ಕಿಳಿಯುತ್ತಾರೆ. ಯಾರೂ ಸೋಲುವುದಿಲ್ಲ, ಮುಗ್ಗರಿಸುತ್ತಾರೆ. ನನ್ನ ಹೆಂಡತಿ ಸಾವಿತ್ರಿ ಒಮ್ಮೆ ಓದಿ, ಇದು ಆಟವೋ ಯುದ್ಧವೋ ಎಂದು ಕೇಳಿದಳು. ಪಾಪ, ಇವಳಿಗೆ ಶೈಲಿ ತಿಳಿಯದು ಎಂದುಕೊಂಡೆ.

ಆ ಶನಿವಾರ ಸಂಜೆ ನಾನು ಬರೆಯಬೇಕಾಗಿದ್ದ ಗುಂಪಿನಲ್ಲಿ ಜರ್ಮನಿ, ಎಕ್ವಡಾರ್, ಐವರಿ ಕೋಸ್ಟ್ ಮತ್ತು ಕ್ಯುರಸಾವ್ ಇದ್ದವು. ಕ್ಯುರಸಾವ್ ಒಂದು ದೇಶ ಎಂಬುದೇ ನನಗೆ ಆವತ್ತು ಗೊತ್ತಾದದ್ದು. ಅದಕ್ಕೆ ಮೊದಲು ಯಾರಾದರೂ ಹೇಳಿದ್ದರೆ ಕೆಮ್ಮಿನ ಔಷಧಿ ಎಂದುಕೊಳ್ಳುತ್ತಿದ್ದೆ. ಐವರಿ ಕೋಸ್ಟ್ ತಂಡದವರನ್ನು ಅವರ ಅಭಿಮಾನಿಗಳು 'ಆನೆಗಳು' ಎಂದು ಕರೆಯುತ್ತಾರೆ ಎಂದು ಎಲ್ಲೋ ಓದಿದೆ. ಬರೆಯುವ ಚಟವಿರುವವನ ಕೈಗೆ ಇಂಥದ್ದು ಸಿಕ್ಕಿದರೆ ಬಿಡುತ್ತಾನೆಯೇ? ಜರ್ಮನಿಯನ್ನು ಹಿಂದಕ್ಕೆ ತಳ್ಳಿ ಹೀಗೆ ಶುರುಮಾಡಿದೆ: "ಎಚ್ಚರ! ಈ ಗುಂಪಿನಲ್ಲಿ ಆನೆಗಳಿವೆ. ಭಾನುವಾರ ಕಣಕ್ಕಿಳಿಯಲಿವೆ. ಎಡಬದಿಯಿಂದ ನುಗ್ಗುವುದು ಇವುಗಳ ರೂಢಿ. ರಕ್ಷಣೆಗೆ ನಿಲ್ಲುವವರು ಒಬ್ಬೊಬ್ಬರೇ ಮುಂದೆ ಹೋಗದೆ ಸಾಲಾಗಿ ನಿಲ್ಲುವುದು ಕ್ಷೇಮ." ಓದುವವರು ಮೊದಲು ಬೆಚ್ಚಿಬೀಳಲಿ, ತಂಡದ ಹೆಸರನ್ನು ಆಮೇಲೆ ಹೇಳೋಣ ಎಂಬುದು ನನ್ನ ಕಲೆಗಾರಿಕೆ. ಅದರ ಕೆಳಗೆ ಉದ್ದಕ್ಕೆ ನಾಲ್ಕೂ ತಂಡಗಳ ಬಗ್ಗೆ ಬರೆದೆ. ಇನ್ನೊಮ್ಮೆ ಓದಿ, ನನಗೇ ಮೆಚ್ಚಿಗೆಯಾಗಿ, ಕಳಿಸಿಬಿಟ್ಟೆ. ಕಳಿಸಿದ್ದು ಕಾಲ್ಚೆಂಡು ಗುಂಪಿಗಲ್ಲ, ಮೊಬೈಲಿನಲ್ಲಿ ಅದರ ಪಕ್ಕಕ್ಕೇ ಇದ್ದ ನನ್ನ ಹೆಂಡತಿಯ ತವರೂರಿನ ಗುಂಪಿಗೆ.

ಆ ಊರು ಮಲ್ಲಿಪಟ್ಟಣದ ಹತ್ತಿರದ್ದು. ಅಲ್ಲಿ ಆನೆ ಎಂದರೆ ಅಲಂಕಾರದ ಮಾತಲ್ಲ, ಆಗಾಗ ಬಂದು ಬೆಳೆ ತುಳಿದು ಹೋಗುವ ನಿಜವಾದ ಆನೆ. ಎಲ್ಲಿ ಕಂಡಿತು, ಯಾವ ಕಡೆಗೆ ಹೊರಟಿತು ಎಂದು ಒಬ್ಬರಿಗೊಬ್ಬರು ತಿಳಿಸಲೆಂದೇ ಊರಿನವರು ಆ ಗುಂಪು ಮಾಡಿಕೊಂಡದ್ದು. ನನ್ನನ್ನು ಅದಕ್ಕೆ ಸೇರಿಸಿದವನು ಸಾವಿತ್ರಿಯ ತಮ್ಮ ಲೋಕೇಶ. ಅದಕ್ಕೂ ಒಂದು ಕಾರಣವಿದೆ. ನಮ್ಮ ಕಚೇರಿಯೂ ಅರಣ್ಯದವರ ಕಚೇರಿಯೂ ಒಂದೇ ಆವರಣದಲ್ಲಿವೆ. ನಮ್ಮ ಮದುವೆಯ ಮಾತುಕತೆಯಲ್ಲಿ ಹಿರಿಯರು, ಹುಡುಗನಿಗೆ ಫಾರೆಸ್ಟ್ ಕಾಂಪೌಂಡಿನಲ್ಲಿ ಕೆಲಸ ಎಂದಿದ್ದರು. ವರ್ಷಗಳು ಕಳೆದಂತೆ ಕಾಂಪೌಂಡು ಉದುರಿಹೋಗಿ ಫಾರೆಸ್ಟ್ ಮಾತ್ರ ಉಳಿಯಿತು. ಊರಿನವರು ನನ್ನನ್ನು ಕಂಡು ಎದ್ದು ನಿಲ್ಲುವಾಗ, ಅಲ್ಲಪ್ಪ, ನಾನು ಪಕ್ಕದ ಕಟ್ಟಡದ ಗುಮಾಸ್ತ ಎನ್ನುವುದು ಅವರ ಆದರಕ್ಕೆ ತಣ್ಣೀರು ಎರಚಿದಂತೆ ಎಂದು ನಾನು ಸುಮ್ಮನಿರುತ್ತಿದ್ದೆ. ಹೀಗಾಗಿ ನನ್ನಿಂದ ಬಂದ ಆನೆಯ ಸುದ್ದಿ ಅವರಿಗೆ ಸರ್ಕಾರದ ಆದೇಶವಾಯಿತು. ಉದ್ದನೆಯ ಸಂದೇಶವಾದರೆ ಮೊಬೈಲು ಮೊದಲ ಕೆಲವು ಸಾಲು ತೋರಿಸಿ, ಮಿಕ್ಕದ್ದನ್ನು 'ಇನ್ನಷ್ಟು ಓದಿ' ಎಂಬುದರ ಹಿಂದೆ ಬಚ್ಚಿಡುತ್ತದೆಯಷ್ಟೆ. ಆನೆ ಬರುತ್ತದೆ ಎಂದು ತಿಳಿದ ಮೇಲೆ ಇನ್ನಷ್ಟು ಓದುತ್ತ ಯಾರು ಕೂರುತ್ತಾರೆ? ಸಾಲದ್ದಕ್ಕೆ ಕಣ ಬೇರೆ. ನನ್ನ ಕಣ ಕ್ರೀಡಾಪುಟದ್ದು. ಅವರದು ಸುಗ್ಗಿಯಲ್ಲಿ ರಾಗಿ ಒಕ್ಕುವ ಕಣ, ಹುಲ್ಲಿನ ಬಣವೆಗಳಿರುವ ಕಣ, ಮತ್ತು ಅದರ ಎಡಕ್ಕೇ ಕಾಡಿನ ಅಂಚು.

ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ತಿನ್ನುತ್ತ ಕೂತಿದ್ದೆ. ಸಾವಿತ್ರಿ ಫೋನಿನಲ್ಲಿ ತಮ್ಮನೊಂದಿಗೆ ಮಾತು ಮುಗಿಸಿ ಬಂದು, "ನಮ್ಮೂರ ಕಣಕ್ಕೆ ಆನೆ ಬರ್ತವೆ ಅಂತ ನೀವು ಹಾಕಿದ್ದೀರಂತೆ. ನನಗ್ಯಾಕೆ ಹೇಳಲಿಲ್ಲ?" ಎಂದಳು. ಯಾವ ಆನೆ ಎಂದು ಕೇಳಿದೆ. ಕೇಳಿದ ಮರುಕ್ಷಣ ಹೊಳೆಯಿತು. ಮೊಬೈಲು ಹಿಡಿದು ಬಚ್ಚಲಿಗೆ ಹೋದೆ. ಗುಂಪಿನ ತುಂಬ ಕೈಮುಗಿದ ಚಿತ್ರಗಳು, ದೊಡ್ಡ ಉಪಕಾರವಾಯಿತು ಸಾ ಎಂಬ ಮಾತುಗಳು. ಅಳಿಸಲು ನೋಡಿದರೆ ಹೊತ್ತು ಮೀರಿಹೋಗಿತ್ತು. ಎಲ್ಲರಿಗೂ ಅಳಿಸುವ ಅವಕಾಶ ಇರಲಿಲ್ಲ, 'ನನಗೆ ಮಾತ್ರ ಅಳಿಸು' ಎಂಬುದೊಂದೇ ಉಳಿದಿತ್ತು. ಗಾಬರಿಯಲ್ಲಿ ಅದನ್ನೇ ಒತ್ತಿದೆ. ಈಗ ಆ ಇಡೀ ಗುಂಪಿನಲ್ಲಿ ಆ ಬರಹ ಕಾಣದಿದ್ದವನು ನಾನೊಬ್ಬನೇ.

ಇಷ್ಟೇ ಆಗಿದ್ದರೆ ನಾನು ಈಗಲೂ ಬಚ್ಚಲಲ್ಲೇ ಇರುತ್ತಿದ್ದೆನೇನೋ. ಆದರೆ ಆವತ್ತು ಲೋಕೇಶನ ಹೊಲದಲ್ಲಿ ಆಲೂಗಡ್ಡೆ ಬಿತ್ತನೆ. ಅವರ ಊರಿನಲ್ಲಿ ಬಿತ್ತನೆ ನಡೆಯುವುದು ಮುಯ್ಯಾಳಿನಿಂದ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರುತ್ತೀಯ, ಕೂಲಿಯ ಮಾತಿಲ್ಲ. ಲೋಕೇಶ ಎಲ್ಲರ ಹೊಲಗಳಲ್ಲೂ ದುಡಿದು ತನ್ನ ಸರದಿಗೆ ಕಾದಿದ್ದ. ಬೀಜದ ಗಡ್ಡೆಗಳನ್ನು, ಮೊಳಕೆಯೊಡೆಯುವ ಕಣ್ಣು ಉಳಿಯುವಂತೆ ಹೋಳು ಮಾಡಿ, ಬೂದಿ ಹಚ್ಚಿ, ಕಣದ ಪಕ್ಕದ ಕೊಟ್ಟಿಗೆಯಲ್ಲಿ ಇಟ್ಟಾಗಿತ್ತು. ಹೋಳಾದ ಬೀಜ ಯಾರಿಗೂ ಕಾಯುವುದಿಲ್ಲ. ಮೋಡದ ದಿನಗಳಲ್ಲಿ ರಾಶಿಯಲ್ಲೇ ಕೊಳೆಯುತ್ತದೆ. ಮಳೆ ಹಿಡಿದರಂತೂ ಹೊಲಕ್ಕೆ ನೇಗಿಲು ಇಳಿಯುವುದಿಲ್ಲ. ಅಂಥ ದಿನ ಒಂದು ಆಳೂ ಬಂದಿಲ್ಲ, ಎಲ್ಲರೂ ಆನೆ ಕಾಯುತ್ತಿದ್ದಾರೆ ಎಂದು ಲೋಕೇಶ ಅಕ್ಕನಿಗೆ ಹೇಳಿದ್ದ.

ನಾನು ಬಚ್ಚಲಿನಿಂದ ಹೊರಗೆ ಬಂದು, ಅದು ಫುಟ್‌ಬಾಲ್ ಕಣೇ ಎಂದೆ. ಸಾವಿತ್ರಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಸ್ಕೂಟರಿನ ಹತ್ತಿರ ಹೋಗಿ ನಿಂತಳು. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಎರಡು ಸಲ ಲೋಕೇಶನ ಹೆಸರು ಒತ್ತಿ, ಅವನು ಎತ್ತುವ ಮೊದಲೇ ನಾನು ಇಟ್ಟುಬಿಟ್ಟೆ ಎಂಬುದನ್ನೂ ಇಲ್ಲಿ ಹೇಳಬೇಕು. ಹೊರಟು ಅರಕಲಗೂಡಿಗೆ ಬಂದೆವು. ಅಲ್ಲಿ ಪೆಟ್ರೋಲು ಹಾಕಿಸುವಾಗ, "ನೀವೇ ಹೇಳಬೇಕು. ನಾನು ಹೇಳಲ್ಲ" ಎಂದಳು.

ಊರು ತಲುಪಿದಾಗ ಕಂಡ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಕಣದ ಅಂಚಿನಲ್ಲಿ ಗಂಡಸರು ತಮಟೆ, ಪಟಾಕಿ, ದೊಣ್ಣೆ ಹಿಡಿದು ಎಡಕ್ಕೆ ಮುಖ ಮಾಡಿ ನಿಂತಿದ್ದರು. ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಮುಂದೆ ಹೋಗದೆ ನಿಂತಿದ್ದರು. ಯಾವ ದೇಶದ ತರಬೇತುದಾರನಿಗೂ ಅಷ್ಟು ವಿಧೇಯವಾದ ರಕ್ಷಣಾ ಪಡೆ ಸಿಕ್ಕಿರಲಾರದು. ನನ್ನನ್ನು ಕಂಡು ದಾರಿ ಬಿಟ್ಟರು, ಕುಡಿಯಲು ಮಜ್ಜಿಗೆ ಕೊಟ್ಟರು. ಊರಿನ ಹಿರಿಯರಾದ ಜವರಪ್ಪನವರು ಹತ್ತಿರ ಬಂದು, "ಈಗ ಎಲ್ಲವೆ ಸಾ?" ಎಂದು ಕೇಳಿದರು. ಅವೆಲ್ಲ ಅಮೆರಿಕದಲ್ಲಿವೆ ಎಂಬುದು ಸತ್ಯವಾದ ಉತ್ತರ. ನನ್ನ ಬಾಯಿಂದ ಬಂದದ್ದು ಬೇರೆ. ದಾಟಿ ಹೋದವು ಎಂದು, ಕೈಯನ್ನು ಯಾವುದೋ ಒಂದು ದಿಕ್ಕಿಗೆ ಬೀಸಿದೆ. ಸುಳ್ಳು ಹೇಳಿದರೂ ಸರಿ, ಇವರೆಲ್ಲ ಹೊಲಕ್ಕೆ ಹೋದರೆ ಸಾಕು ಎಂಬುದು ನನ್ನ ಲೆಕ್ಕಾಚಾರ. ಜವರಪ್ಪನವರು ಯೋಚಿಸಿ, ದಾಟಿದ ಆನೆ ತಿರುಗಿ ಬರುವುದೇ ಹೆಚ್ಚು, ಇವತ್ತೊಂದು ದಿನ ಕಾಯುವುದೇ ವಾಸಿ ಎಂದರು. ಎಲ್ಲರೂ ಹೌದೆಂದರು. ನನ್ನ ಸುಳ್ಳು ಅವರನ್ನು ಇನ್ನಷ್ಟು ಗಟ್ಟಿಯಾಗಿ ಅಲ್ಲೇ ನಿಲ್ಲಿಸಿತು.

ಲೋಕೇಶ ಕೊಟ್ಟಿಗೆಯ ಬಾಗಿಲಲ್ಲಿ ಬೀಜದ ಮಂಕರಿಗಳ ಪಕ್ಕ ನಿಂತು ಮೋಡ ನೋಡುತ್ತಿದ್ದ. ನನ್ನನ್ನು ಕಂಡು, "ನೀವು ಏಳಿದ್ದು ಒಳ್ಳೇದಾಯ್ತು ಬಾವ. ಬೀಜ ಓದ್ರೆ ಓಯ್ತು, ಜನ ಉಳೀತಲ್ಲ" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನ ಬೆನ್ನ ಹಿಂದೆ ಸಾವಿತ್ರಿ ನಿಂತಿದ್ದಳು. ತಿರುಗಿ ಕಣಕ್ಕೆ ಹೋಗಿ, ಆನೆ ಬಂದಿಲ್ಲ, ಬರುವುದೂ ಇಲ್ಲ, ಅವು ಫುಟ್‌ಬಾಲ್ ಆಡುವ ಆನೆಗಳು ಎಂದೆ. ಜವರಪ್ಪನವರು ತಲೆದೂಗಿ, "ಆಡ್ತವೆ ಸಾ. ಆಸನದಾಗೆ ಸರ್ಕಸ್ನಾಗೆ ನಾನೇ ನೋಡಿವ್ನಿ" ಎಂದರು.

ಇನ್ನು ದಾರಿಯಿರಲಿಲ್ಲ. ನನ್ನ ಮೊಬೈಲಿನಲ್ಲಿ ಬರಹ ಇಲ್ಲವಾದ್ದರಿಂದ ಜವರಪ್ಪನವರ ಮೊಬೈಲನ್ನೇ ಇಸಿದುಕೊಂಡು, 'ಇನ್ನಷ್ಟು ಓದಿ' ಒತ್ತಿ, ಗಟ್ಟಿಯಾಗಿ ಓದಿದೆ. ದೊಣ್ಣೆ ಹಿಡಿದ ಜನರ ಮುಂದೆ, ಜರ್ಮನಿಯ ಮಧ್ಯದ ಸಾಲು ಉಕ್ಕಿನ ಕೋಟೆ ಎಂದು ಓದಿದೆ. ಎತ್ತರದ ನಾಡಿನ ಎಕ್ವಡಾರ್ ಆಟಗಾರರ ಉಸಿರಿನ ಬಗ್ಗೆ ಓದಿದೆ. ಐವರಿ ಕೋಸ್ಟ್‌ನ ಆನೆಗಳು ಮದವೇರಿದರೆ ಯಾರೂ ಎದುರು ನಿಲ್ಲಲಾರರು ಎಂಬಲ್ಲಿ ಒಬ್ಬ ತಮಟೆಯವನು ಕಾಡಿನ ಕಡೆ ತಿರುಗಿ ನೋಡಿದ. ಕ್ಯುರಸಾವ್ ನಮ್ಮ ಅರಕಲಗೂಡು ತಾಲ್ಲೂಕಿನಷ್ಟೂ ಜನರಿಲ್ಲದ ದ್ವೀಪ, ಆದರೂ ದೊಡ್ಡವರ ನಡುವೆ ಎದೆಯೊಡ್ಡಿ ನಿಂತಿದೆ ಎಂದೂ ಓದಿದೆ. ನಿಲ್ಲಿಸು ಎಂದು ಯಾರಾದರೂ ಹೇಳಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ. ಯಾರೂ ಹೇಳಲಿಲ್ಲ. ಸರ್ಕಾರಿ ಪ್ರಕಟಣೆ ಕೇಳುವಂತೆ ಕೊನೆಯವರೆಗೂ ಕೇಳಿದರು. ಮಾನ ಹೇಗೂ ಹೋಗಿತ್ತು. ನಾನು ಫಾರೆಸ್ಟಿನವನಲ್ಲ, ಪಕ್ಕದ ಕಟ್ಟಡದವನು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಜವರಪ್ಪನವರು ಮೊಬೈಲು ವಾಪಸು ತೆಗೆದುಕೊಂಡು ಜೇಬಿಗಿಟ್ಟು, "ಅಂಗಾರೆ ಬಿತ್ತನೆಗೆ ಓಗಾನ ನಡೀರ್ಲಾ" ಎಂದರು. ಅಷ್ಟೇ. ತಮಟೆಗಳು ಕೆಳಗಿಳಿದವು, ಮಂಕರಿಗಳು ತಲೆಗೇರಿದವು. ನಾನೂ ಪ್ಯಾಂಟು ಮಡಿಸಿಕೊಂಡು ನೇಗಿಲ ಸಾಲಿನ ಹಿಂದೆ ಬೀಜ ಇಡುತ್ತ ಹೋದೆ. ನನ್ನ ಹಿಂದೆ ಬರುತ್ತಿದ್ದ ಸಾವಿತ್ರಿ, ಕಣ್ಣು ಕೆಳಗಾಗುವಂತೆ ನಾನು ಇಟ್ಟಿದ್ದ ಹೋಳುಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತಿದ್ದಳು. ಆಗ ಶುರುವಾಯಿತು ನಗು. ಒಬ್ಬ, ಎಡಗಡೆಯಿಂದ ನುಗ್ಗಿ ಸಾ ಎಂದ. ಇನ್ನೊಬ್ಬ, ಸಾಲಾಗಿ ನಿಲ್ಲದು ಕ್ಷೇಮ ಕಣ್ಲಾ ಎಂದು ಪಕ್ಕದವನಿಗೆ ಬುದ್ಧಿ ಹೇಳಿದ. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು. ಆದರೆ ಬೆಳಗಿನ ಹೊತ್ತನ್ನು ನಾನು ಹಾಳುಮಾಡಿದ್ದೆನಲ್ಲ, ಕೊನೆಯ ಸಾಲುಗಳು ಉಳಿದಿರುವಾಗಲೇ ಮಳೆ ಬಂತು. ಮಿಕ್ಕ ಬೀಜ ಕೊಳೆತು ತಿಪ್ಪೆ ಸೇರಿತು. ಲೋಕೇಶ ಇವತ್ತಿನವರೆಗೂ ಅದರ ಮಾತೆತ್ತಿಲ್ಲ. ಅವನ ಹೊಲದ ಮೂಲೆಯಲ್ಲಿ ಬರಿದಾಗಿ ಉಳಿದ ಆ ಜಾಗ ಕಂಡಾಗಲೆಲ್ಲ ನನಗೆ ಬೇರೆ ಕಡೆ ನೋಡಬೇಕೆನಿಸುತ್ತದೆ.

ಸೋಮವಾರ ಕಚೇರಿಗೆ ಹೋಗುವಾಗ, ಜರ್ಮನಿಯ ಗುಂಪಿನ ಬರಹ ಯಾಕೆ ಬರಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಯಾರೂ ಕೇಳಲಿಲ್ಲ. ಬಂದಿಲ್ಲ ಎಂಬುದೇ ಶಿವಣ್ಣನಿಗೆ ಗೊತ್ತಿರಲಿಲ್ಲ. ಹಿಂದೆ ಬರೆದವುಗಳನ್ನಾದರೂ ಓದಿದ್ದಾನೋ ಎಂದು ವಿಚಾರಿಸಿದೆ. ಉದ್ದ ಜಾಸ್ತಿ, ಮೊದಲ ಸಾಲು ನೋಡಿ ಹೆಬ್ಬೆಟ್ಟು ಒತ್ತುತ್ತಿದ್ದೆ ಎಂದ. ನಾನು ಕಾಲ್ಚೆಂಡು ಗುಂಪಿನಿಂದ ಹೊರಬಂದೆ. ಬಂದದ್ದೂ ಅವರಿಗೆ ತಿಳಿಯಿತೋ ಇಲ್ಲವೋ. ಆಮೇಲೆ ಒಂದು ಪಂದ್ಯವನ್ನೂ ನೋಡಲಿಲ್ಲ. ಟೀವಿಯಲ್ಲಿ ಹಸಿರು ಮೈದಾನ ಕಂಡರೆ ಸಾಕು, ಚಾನೆಲ್ ಬದಲಿಸುತ್ತಿದ್ದೆ.

ಕೆಲವು ವಾರಗಳ ಮೇಲೆ ಸಾವಿತ್ರಿಯೊಂದಿಗೆ ಊರಿಗೆ ಹೋದಾಗ ಲೋಕೇಶನ ಹೊಲದಲ್ಲಿ ಆಲೂಗಡ್ಡೆ ಸಾಲುಗಳು ಹಸಿರಾಗಿ ಎದ್ದಿದ್ದವು. ಜವರಪ್ಪನವರು ಬದುವಿನ ಮೇಲೆ ಕೂತಿದ್ದರು. ಈ ಸಲ ಎದ್ದು ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಅಲ್ಲೇ ಕೂತೆ. ಆಮೇಲೆ ಅವರು, ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತಿನಂತೆ ಮೆಲ್ಲಗೆ ಕೇಳಿದರು: "ಸಾ, ನಮ್ ತಾಲ್ಲೂಕ್ನಷ್ಟೂ ಜನ ಇಲ್ಲ ಅಂತ ಓದಿದ್ರಲ್ಲ, ಆ ಸಣ್ಣ ದೇಸದೋರು. ಏನಾದ್ರು ಅವರು?"

ನನ್ನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ನೆನಪಿಟ್ಟುಕೊಂಡು, ಮುಂದೇನಾಯಿತು ಎಂದು ಕೇಳಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ. ನನಗೆ ಗೊತ್ತಿಲ್ಲ ಎಂದರೆ ಮುಗಿದಿತ್ತು. ಎರಡೇ ಪದ, ಅದೂ ಈ ವಿಷಯದಲ್ಲಿ ನಾನು ಹೇಳಬಹುದಾಗಿದ್ದ ಏಕೈಕ ಸತ್ಯ. ನಾನು ಗಂಟಲು ಸರಿಪಡಿಸಿಕೊಂಡು, "ಚೆನ್ನಾಗಿಯೇ ಆಡಿದರು" ಎಂದೆ. ಜವರಪ್ಪನವರ ಮುಖ ಅರಳಿತು. ಹೊಲದ ಆಚೆ ತುದಿಯಲ್ಲಿದ್ದ ಲೋಕೇಶನಿಗೆ ಕೂಗಿ ಆ ಸುದ್ದಿ ತಿಳಿಸಿದರು. ಸಾವಿತ್ರಿ ನನ್ನ ಕಡೆ ನೋಡಿದಳು, ನಾನು ಬಗ್ಗಿ ಆಲೂಗಡ್ಡೆ ಎಲೆಗೆ ಹುಳು ಹತ್ತಿದೆಯೇ ಎಂದು ಪರೀಕ್ಷಿಸತೊಡಗಿದೆ.