ಗರುಡ ಏರ್‌ಲೈನ್ಸ್ ಎದುರಾಳಿಯನ್ನು ನುಂಗಿದ ದಿನ

ಆ ಸೋಮವಾರ ಬೆಳಿಗ್ಗೆ ಅಬ್ದುಲ್ ರಹೀಂ ತಮ್ಮ ಬಸ್ಸು ಹತ್ತಿದವರಿಗೆಲ್ಲ ಪುಕ್ಕಟೆ ಚಹಾ ಕೊಟ್ಟದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಶಿಕಾರಿಪುರದಿಂದ ಸೊರಬಕ್ಕೆ ಆಗ ಎರಡೇ ಖಾಸಗಿ ಬಸ್ಸು. ಒಂದು ಶಿಕಾರಿಪುರದ ವೀರಬಸಪ್ಪನವರ ‘ಗರುಡ ಏರ್‌ಲೈನ್ಸ್’, ಇನ್ನೊಂದು ಸೊರಬದ ರಹೀಮರ ‘ರಾಕೆಟ್ ಏರ್‌ಲೈನ್ಸ್’. ಹೊಂಡ ಸಿಕ್ಕಾಗ ಬಿಟ್ಟರೆ ಎರಡೂ ಎಂದೂ ನೆಲ ಬಿಟ್ಟು ಮೇಲೆದ್ದದ್ದಿಲ್ಲ. ಎರಡಕ್ಕೂ ಮಾಲೀಕರೇ ಡ್ರೈವರು. ಡೀಸೆಲ್ ದರ ಗಗನಕ್ಕೇರಿದ ಎಪ್ಪತ್ತನಾಲ್ಕರಲ್ಲಿ ಇಬ್ಬರೂ ಹಠಕ್ಕೆ ಬಿದ್ದು ಟಿಕೆಟ್ ದರ ಇಳಿಸುತ್ತಲೇ ಬಂದಿದ್ದರು. ಇಳಿಸಲು ಇನ್ನೇನೂ ಉಳಿಯದಿದ್ದಾಗ ರಹೀಂ ಚಹಾ ತೆಗೆದರು.

“ಅವರು ಚಾ ಕೊಟ್ರೆ ನಾವು ಮಂಡಕ್ಕಿ ಕೊಡೋಣ!” ಎಂದರು ವೀರಬಸಪ್ಪ, ಮೀಸೆ ತಿರುವಿ.

ಮುಂದಿನ ಟ್ರಿಪ್ಪಿಗೆ ರಾಕೆಟ್ಟಿನಲ್ಲಿ ಮೆಣಸಿನಕಾಯಿ ಬಜ್ಜಿ ಬಂತು. ಹೆಸರಿಗೆ ಮಾತ್ರ ಮೂಕಿಯಾಗಿದ್ದ ಮೂಕಮ್ಮ ಗರುಡದ ಮುಂದಿನ ಸೀಟಿನಿಂದ ಕೂಗಿದಳು: “ಯಜಮಾನ್ರೇ, ಆ ಬಸ್ಸಲ್ಲಿ ಬಜ್ಜಿ ಐತಂತೆ. ನೀವು ಬರೀ ಮಂಡಕ್ಕೀಲೇ ಸಾಗಹಾಕ್ತೀರೇನು?”

“ನೀನು ಹೊರಟಿರೋದು ಎಲ್ಲಿಗವ್ವಾ?”

“ಎಲ್ಲಿಗೂ ಇಲ್ರೀ. ತಿಂಡಿ ಮುಗೀಲಿ ಅಂತ ಹತ್ತಿದೆ.”

ಮಧ್ಯಾಹ್ನದ ಹೊತ್ತಿಗೆ ಬಸ್ಸು ಜೇನುಗೂಡಿನಂತೆ ತುಂಬಿ ತುಳುಕುತ್ತಿತ್ತು. ಕಂಡಕ್ಟರನ ಚೀಲ ಮಾತ್ರ ಏಕಾದಶಿಯ ಹೊಟ್ಟೆಯಂತೆ ಬೆನ್ನಿಗೆ ಹತ್ತಿತ್ತು.

ಸೊರಬದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದಳ್ಳಾಳಿ ಗೌರೀಶಂಕರ ಪೇಪರು ಓದುತ್ತ ಕುಳಿತಿದ್ದ. ಮನೆ, ಗದ್ದೆ, ಎಮ್ಮೆ, ಬಸ್ಸು, ಅವನು ಮಾರಿಸದ್ದು ಯಾವುದೂ ಇರಲಿಲ್ಲ.

“ದೊಡ್ಡ ದೊಡ್ಡ ವಿಮಾನ ಕಂಪನಿಗಳೂ ಹಿಂಗೇ ಮುಳುಗೋದು ಕಣ್ರೀ ವೀರಬಸಪ್ಪನೋರೇ,” ಎಂದ. “ಒಬ್ಬ ದರ ಇಳಿಸ್ತಾನೆ, ಇನ್ನೊಬ್ಬ ಅದಕ್ಕಿಂತ ಇಳಿಸ್ತಾನೆ. ಅಷ್ಟರಲ್ಲಿ ಎಣ್ಣೆ ದರ ಏರುತ್ತೆ. ಕೊನೆಗೆ ಒಬ್ಬ ಇನ್ನೊಬ್ಬನ್ನ ನುಂಗ್ತಾನೆ. ಇಲ್ಲಾಂದ್ರೆ ಇಬ್ರೂ ಹೇಳಹೆಸರಿಲ್ಲದಂಗೆ ಹೋಗ್ತಾರೆ.”

“ಹಂಗಾದ್ರೆ ನುಂಗೋನು ನಾನೇ!”

“ದುಡ್ಡು?”

ವೀರಬಸಪ್ಪ ಖಾಲಿ ಜೇಬು ಮುಟ್ಟಿ ನೋಡಿಕೊಂಡರು. ಗೌರೀಶಂಕರ ಕುರ್ಚಿ ಹತ್ತಿರಕ್ಕೆ ಎಳೆದ.

“ದಾವಣಗೆರೆ ಪಾರ್ಟಿ ಒಬ್ರು ಬಸ್ಸು ಹುಡುಕ್ತಿದಾರೆ. ನಿಮ್ಮದನ್ನ ಅವರಿಗೆ ಕೊಡಿ. ಅದೇ ದುಡ್ಡಲ್ಲಿ ರಹೀಂ ಸಾಬ್ರ ಬಸ್ಸು ನಿಮಗೆ ಕೊಡಿಸ್ತೀನಿ. ಅವರಿಗೂ ಸಾಕಾಗಿದೆ. ಆದ್ರೆ ತಗೊಳ್ಳೋರು ನೀವು ಅಂತ ಗೊತ್ತಾದ್ರೆ ಕೊಡೋದಿಲ್ಲ. ಬಾಯಿ ಬಿಡಬೇಡಿ.”

ವೀರಬಸಪ್ಪನವರ ಮುಖ ಅರಳಿತು. ಗರುಡ ದಾವಣಗೆರೆಗೆ ಹಾರುತ್ತದೆ, ರಾಕೆಟ್ ಕೈಗೆ ಬರುತ್ತದೆ, ದಾರಿಗೆ ತಾವೊಬ್ಬರೇ ರಾಜ! ಹೆಸರಿನ ಜಾಗ ಖಾಲಿ ಬಿಟ್ಟಿದ್ದ ಕಾಗದಗಳಿಗೆಲ್ಲ ಸರಸರನೆ ಸಹಿ ಹಾಕಿದರು. ಕಮಿಷನ್ನಿಗೆಂದು ಬೆರಳಿನ ಉಂಗುರವನ್ನೇ ಬಿಚ್ಚಿಕೊಟ್ಟರು.

ಸಂಜೆ ಹೂವಿನ ಹಾರ ಹಿಡಿದು ರಾಕೆಟ್ಟಿನ ಬಳಿಗೆ ಬಂದಾಗ, ಪಕ್ಕದಲ್ಲಿ ರಹೀಂ ಗರುಡದ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು.

“ಏನ್ರೀ ಸಾಬ್ರೇ, ನನ್ನ ಬಸ್ಸಿಗೆ ನಿಮ್ಮ ನಿಂಬೆಹಣ್ಣು ಯಾಕೆ?”

“ನಿಮ್ಮದು ಎಲ್ಲಿ ಬಂತು? ಮಧ್ಯಾಹ್ನವೇ ನಾನು ತಗೊಂಡೆನಲ್ಲ. ನನ್ನ ರಾಕೆಟ್ ದಾವಣಗೆರೆ ಪಾರ್ಟಿಗೆ ಹೋಯ್ತು. ಇನ್ನು ಈ ದಾರೀಲಿ ನಾನೊಬ್ಬನೇ!”

ವೀರಬಸಪ್ಪನವರ ಕೈಯಿಂದ ಹಾರ ಜಾರಿತು. “ಆ ದಾವಣಗೆರೆ ಪಾರ್ಟಿ... ನಾನೇ ಕಣ್ರೀ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇವರ ಬೆರಳಲ್ಲಿ ಉಂಗುರ ಇರಲಿಲ್ಲ, ಬೆಳಿಗ್ಗೆ ರಹೀಮರ ಕೈಯಲ್ಲಿದ್ದ ಗಡಿಯಾರವೂ ಇರಲಿಲ್ಲ.

“ಗೌರೀಶಂಕರ ಎಲ್ಲಿ?” ಎಂದು ಇಬ್ಬರೂ ಹೋಟೆಲಿಗೆ ನುಗ್ಗಿದರು.

“ಆಗ್ಲೇ ಹೋದ್ರಲ್ಲ,” ಎಂದ ಹೋಟೆಲಿನವನು. “ಸರ್ಕಾರಿ ಬಸ್ಸಲ್ಲಿ. ಅದೇ ನಂಬಿಕೆಯದ್ದಂತೆ.”

ಆದದ್ದು ಆಯಿತು, ನಾಳೆ ನೋಡಿಕೊಳ್ಳುತ್ತೇನೆ ಎಂದು ವೀರಬಸಪ್ಪ ಧೈರ್ಯವಾಗಿಯೇ ರಾಕೆಟ್ ಏರಿ ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆ ಕೆಮ್ಮಿ ತಣ್ಣಗಾಯಿತು. ಗರುಡದ ಕಿಟಕಿಯಿಂದ ರಹೀಂ ನಕ್ಕರು: “ಅದನ್ನ ತಳ್ಳಬೇಕು ರೀ! ಉಗಾದಿಯಿಂದ ತಳ್ಳಿಸೇ ಹೊರಡಿಸ್ತಿದ್ದೆ!”

“ಸಾಬ್ರೇ, ನಿಲ್ಲಿ! ಅದರ ಬ್ರೇಕು...”

ಗರುಡ ಆಗಲೇ ಇಳಿಜಾರು ಹಿಡಿದಿತ್ತು. ಹಾರ್ನು ಬಡಿದುಕೊಳ್ಳುತ್ತ ಹೋಗಿ, ರಸ್ತೆಬದಿಯ ಹುಲ್ಲಿನ ಬಣವೆಯೊಳಗೆ ಅರ್ಧ ನುಗ್ಗಿ ನಿಂತಿತು. ಕೊಂಡದ್ದನ್ನು ತಳ್ಳಬೇಕೋ, ಮಾರಿದ್ದನ್ನು ಎಳೆಯಬೇಕೋ ತಿಳಿಯದೆ ವೀರಬಸಪ್ಪ ನಡುರಸ್ತೆಯಲ್ಲಿ ನಿಂತರು.