ಕಟ್ಟು ಬಿದ್ದಾಗ ಒಡೆದ ಪೈಪು

ಪಂಚಾಯಿತಿಯಲ್ಲಿ ನೀರಿನ ಉಸ್ತುವಾರಿ ನೋಡಿಕೊಳ್ಳುವವನಿಗೆ ಒಂದು ಭಾಗ್ಯವುಂಟು: ಎಲ್ಲ ಮತದವರೂ ಅವನನ್ನು ಒಂದೇ ಸಮನೆ ಬೈಯುತ್ತಾರೆ. ಆ ಭಾಗ್ಯವಂತ ನಾನೇ. ಹುದಿಕೇರಿ ಕಡೆಯ ನಮ್ಮೂರಿನಲ್ಲಿ ದೇವರ ಹಬ್ಬಕ್ಕೆ ಮುಂಚೆ ‘ಕಟ್ಟು’ ಬೀಳುತ್ತದೆ. ಹಬ್ಬ ಮುಗಿದು ಅದನ್ನು ಸಡಿಲಿಸುವವರೆಗೆ ಹಸಿ ಮರ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ, ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ. ಈ ಕೊನೆಯದರಿಂದಲೇ ನನ್ನ ಮುಖ ಅರ್ಧ ಇಳಿದಿರುತ್ತದೆ. ಈ ಸಲ ಅಂಥ ಹೊತ್ತಿನಲ್ಲೇ ನೆಲದಡಿಯ ಪೈಪು ಒಡೆದು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೂ ಮಸೀದಿಗೂ ನೀರು ನಿಂತೇಹೋಯಿತು.

ಲೈನಿನ ಹೆಂಗಸರು ಕೊಡ ಹೊತ್ತು ಕೆಳಗೆ ಹರಿಯುವ ತೋಡಿಗೆ ಇಳಿದು ಹತ್ತುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು. ಜೀಪು ಓಡಿಸುವ ಮೊಯ್ದು ಆಫೀಸಿಗೇ ಬಂದ. “ಸಾರ್, ಕಟ್ಟು ಅಂತ ನಮ್ಮಣ್ಣ ಮೀನಿನಂಗಡೀನೂ ಮುಚ್ಚಿದ್ದಾನೆ. ಆದ್ರೆ ನಮಾಜಿಗೆ ಕೈಕಾಲು ತೊಳೆಯೋಕೂ ನೀರಿಲ್ದಿದ್ರೆ ಹೆಂಗೆ?” ಅಗೆದರೆ ದೇವಸ್ಥಾನದವರಿಗೆ ಸಿಟ್ಟು, ಅಗೆಯದಿದ್ದರೆ ಇವರಿಗೆ. ಒಂದು ಪೈಪಿನಿಂದ ಊರು ಎರಡಾದರೆ ಗತಿಯೇನು ಎಂದು ಹೆದರಿ ನನಗೆ ಊಟವೇ ಸೇರಲಿಲ್ಲ. ಸೇರುವಂಥದ್ದು ತಟ್ಟೆಯಲ್ಲಿ ಇರಲೂ ಇಲ್ಲ, ಬಿಡಿ.

ಕೊನೆಗೆ ದೇವಸ್ಥಾನದ ಹಿರಿತನ ನಡೆಸುವ ತಕ್ಕರಾದ ಬೋಪಯ್ಯನವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿದೆ. ಅದರಲ್ಲಿ ಸಂವಿಧಾನವಿತ್ತು, ವಿಜ್ಞಾನವಿತ್ತು. ‘ಧರ್ಮ ಮನೆಯೊಳಗಿರಲಿ, ನಲ್ಲಿ ಬೀದಿಯಲ್ಲಿರಲಿ’ ಎಂಬ ಸಾಲಂತೂ ನನಗೇ ಬಹಳ ಹಿಡಿಸಿತ್ತು. “ತಕ್ಕರೇ, ಪ್ರಜಾಪ್ರಭುತ್ವದಲ್ಲಿ...” ಅಂದೆ, ಅಷ್ಟೇ.

“ಪೈಪ್ ವಿಷ್ಯ ಅಲ್ವಾ? ಕೂತ್ಕೊಳ್ಳಿ ಮಾರಾಯ್ರೇ, ಕಾಫಿ ಕುಡೀರಿ,” ಅಂದರು. “ಗುದ್ದಲಿ ಹಾಕಬಾರ್ದು, ನಿಜ. ನೀರು ಕೊಡಬಾರ್ದು ಅಂತ ದೇವರು ಎಲ್ಲಿ ಹೇಳಿದ್ದಾನೆ? ಕಾಫಿ ಹೂವಿಗೆ ನೀರು ಹಾಯಿಸಿದ ಸ್ಪ್ರಿಂಕ್ಲರ್ ಪೈಪು ಶೆಡ್ಡಲ್ಲಿ ಸುಮ್ನೆ ಬಿದ್ದಿದೆ. ನೆಲದ ಮೇಲೇ ಜೋಡಿಸ್ಕೊಂಡು ಹೋಗಿ. ಮೊಯ್ದುಗೆ ಜೀಪ್ ತರೋಕೆ ಹೇಳಿ.”

ಸಂಜೆಯ ಬಾಂಗಿಗೆ ಮುಂಚೆಯೇ ನೀರು ಬಂತು. ಲೈನಿನಲ್ಲಿ ಕೊಡ ತುಂಬುವ ಸದ್ದು ಕೇಳಿ, ಅಬ್ಬಾ, ಹೋದ ಜೀವ ಬಂದಂತಾಯಿತು! ಹೊಟ್ಟೆಯಲ್ಲೇ ಉಳಿದ ಭಾಷಣವನ್ನು ಊಟದ ಹೊತ್ತಿಗೆ ಹೆಂಡತಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ, ಇನ್ನೊಂದು ಸೌಟು ಸೊಪ್ಪಿನ ಸಾರು ಬಡಿಸಿದಳು.

ಹಬ್ಬ ಮುಗಿಯಿತು, ಕಟ್ಟೂ ಸಡಿಲಿತು. ನಮ್ಮ ಮನೆಯಲ್ಲಿ ಹಂದಿಮಾಂಸದ ಪಂದಿಕರಿಯೂ ಬೆಂದಿತು. ಮೊನ್ನೆ ಮೊಯ್ದು, ರಸ್ತೆ ಪಕ್ಕ ಇನ್ನೂ ಹಾಗೇ ಬಿದ್ದಿರುವ ತಕ್ಕರ ಸ್ಪ್ರಿಂಕ್ಲರ್ ಪೈಪಿನ ಹತ್ತಿರ ಜೀಪು ನಿಲ್ಲಿಸಿದ.

“ಸಾರ್, ದೇವರ ಕಟ್ಟು ಮುಗೀತಲ್ಲ. ಇನ್ನೂ ಅಗೀದೆ ಇರೋದು ಯಾರ ಕಟ್ಟು? ತಕ್ಕರೂ ಕೇಳ್ತಿದ್ರು.”

“ಮಳೆಗಾಲ ಕಳೀಲಿ ಮೊಯ್ದು, ನೋಡೋಣ,” ಅಂದೆ.

ಈಗ ದೇವಸ್ಥಾನದವರೂ ಮಸೀದಿಯವರೂ ಜೊತೆಯಾಗಿ ನಿಂತು ನನ್ನನ್ನು ಬೈಯುತ್ತಿದ್ದಾರೆ. ಊರಿನ ಒಗ್ಗಟ್ಟಿಗೆ ನನ್ನಿಂದ ಇಷ್ಟಾದರೂ ಆಯಿತಲ್ಲ.